ಬಿರುಕಿನ ತಪಾಸಣೆ ಕಡ್ಡಾಯವೆಂದ ಮೇಲೂ ವಿಮಾನಕ್ಕೆ ‘ಇನ್ನೂ ಸಾವಿರ ಹಾರಾಟ’ದ ಅವಕಾಶ ಏಕೆ?

ಕಡಲತಡಿಯವ (ಪ್ರಶ್ನೆ)

ಕೊಲ್ಲಿ ದೇಶಗಳಲ್ಲಿ ದುಡಿಯುವ ನನ್ನಂಥವರು ಮಂಗಳೂರಿನಿಂದ ಹೋಗಿಬರುವುದು ಹೆಚ್ಚಾಗಿ ಬೋಯಿಂಗ್ 737 ವಿಮಾನಗಳಲ್ಲಿ. ಆದ್ದರಿಂದ ಅದೇ ಕುಟುಂಬದ 737 ಎನ್‌ಜಿ ಮಾದರಿಗೆ ಸಂಬಂಧಿಸಿದಂತೆ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ 2019ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಆದೇಶವನ್ನು ಇತ್ತೀಚೆಗೆ ಗಮನವಿಟ್ಟು ಓದಿದೆ. ರೆಕ್ಕೆಯನ್ನು ವಿಮಾನದ ಒಡಲಿಗೆ ಬಿಗಿಹಿಡಿಯುವ ‘ಪಿಕಲ್ ಫೋರ್ಕ್’ ಎಂಬ ಭಾಗದಲ್ಲಿ ಬಿರುಕುಗಳು ಕಂಡುಬಂದಿದ್ದರಿಂದ ಆ ಭಾಗದ ತಪಾಸಣೆಯನ್ನು ಕಡ್ಡಾಯ ಮಾಡಲಾಗಿತ್ತು. ಹಾಗೆಯೇ ಬಿಟ್ಟರೆ ವಿಮಾನ ನಿಯಂತ್ರಣ ತಪ್ಪುವ ಸಾಧ್ಯತೆಯಿದೆ ಎಂದು ಆ ಆದೇಶವೇ ಹೇಳುತ್ತದೆ. ಆದರೂ, 30,000 ಹಾರಾಟ ದಾಟಿದ ವಿಮಾನಗಳನ್ನು ಏಳು ದಿನಗಳೊಳಗೆ ಪರೀಕ್ಷಿಸಬೇಕೆಂದು ಹೇಳಿ, 22,600ರಿಂದ 30,000ದೊಳಗೆ ಹಾರಾಟ ಮುಗಿಸಿದ ವಿಮಾನಗಳಿಗೆ ಇನ್ನೂ 1,000 ಹಾರಾಟಗಳ ಕಾಲಾವಕಾಶ ಕೊಡಲಾಗಿದೆ.

ಅಪಾಯವಿದೆ ಎಂದು ಗೊತ್ತಿದ್ದೂ ತಿಂಗಳುಗಟ್ಟಲೆ ಪ್ರಯಾಣಿಕರನ್ನು ಕರೆದೊಯ್ಯಲು ಬಿಡುವುದು ಯಾವ ನ್ಯಾಯ? ವಿಮಾನದ ವಯಸ್ಸನ್ನು ವರ್ಷಗಳಲ್ಲಿ ಲೆಕ್ಕ ಹಾಕದೆ ಹಾರಾಟಗಳಲ್ಲಿ ಎಣಿಸುವುದೇಕೆ? ಈ ಕ್ಷೇತ್ರದಲ್ಲಿ ಕೆಲಸ ಮಾಡಿದವರು ದಯವಿಟ್ಟು ವಿವರಿಸಬೇಕು.

ಹಳೆಯ ಹ್ಯಾಂಗರ್ (ನಿವೃತ್ತ ವಿಮಾನ ನಿರ್ವಹಣಾ ಎಂಜಿನಿಯರ್)

ನಿಮ್ಮ ಎರಡನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ, ಮೊದಲನೆಯದಕ್ಕೆ ಉತ್ತರ ಅದರೊಳಗೇ ಇದೆ.

ವಿಮಾನ ಮೇಲೇರಿದಂತೆ ಹೊರಗಿನ ಗಾಳಿಯ ಒತ್ತಡ ಇಳಿಯುತ್ತದೆ. ಒಳಗೆ ಉಸಿರಾಡಲು ಬೇಕಾದ ಒತ್ತಡವನ್ನು ಕಾಯ್ದುಕೊಳ್ಳುವುದರಿಂದ ಒಡಲಿನ ಹಾಳೆ ಪ್ರತಿ ಹಾರಾಟದಲ್ಲೂ ಒಮ್ಮೆ ಹಿಗ್ಗಿ, ಇಳಿದಾಗ ಮೊದಲಿನ ಸ್ಥಿತಿಗೆ ಬರುತ್ತದೆ. ರೆಕ್ಕೆಯ ಬುಡಕ್ಕೂ ಹಾಗೆಯೇ: ನೆಲದ ಮೇಲೆ ಜೋತುಬೀಳುವ ರೆಕ್ಕೆ ಗಾಳಿಯಲ್ಲಿ ಮೇಲಕ್ಕೆ ಬಾಗುತ್ತದೆ. ತಂತಿಯನ್ನು ಒಂದೇ ಜಾಗದಲ್ಲಿ ಹಿಂದಕ್ಕೂ ಮುಂದಕ್ಕೂ ಬಗ್ಗಿಸಿದರೆ ಕೊನೆಗೆ ತುಂಡಾಗುವಂತೆ, ಒಮ್ಮೆಗೆ ಮುರಿಯಲಾರದ ಬಲವೂ ಸಾವಿರಾರು ಬಾರಿ ಬಂದುಹೋದಾಗ ಲೋಹವನ್ನು ದಣಿಸುತ್ತದೆ. ಇದಕ್ಕೆ ಲೋಹದ ಆಯಾಸ ಎನ್ನುತ್ತಾರೆ. ಹತ್ತು ಗಂಟೆ ಹಾರಿ ಲಂಡನ್ ತಲುಪುವ ವಿಮಾನಕ್ಕೂ ಒಂದು ಗಂಟೆ ಹಾರುವ ವಿಮಾನಕ್ಕೂ ಲೆಕ್ಕದಲ್ಲಿ ತಲಾ ಒಂದೇ ಹಾರಾಟ. ಹೀಗಾಗಿ ಬಿರುಕಿನ ಮಟ್ಟಿಗೆ ಸಣ್ಣ ದೂರಕ್ಕೆ ಪದೇಪದೇ ಹಾರುವ ವಿಮಾನವೇ ಬೇಗ ಮುದಿಯಾಗುತ್ತದೆ.

ಈ ಪಾಠವನ್ನು ಮೊದಲು ಕಲಿಸಿದ್ದು ಬ್ರಿಟನ್ನಿನ ಕಾಮೆಟ್. 1954ರ ಜನವರಿಯಲ್ಲಿ ಎಲ್ಬಾ ದ್ವೀಪದ ಬಳಿ, ಏಪ್ರಿಲ್‌ನಲ್ಲಿ ನೇಪಲ್ಸ್ ಸಮೀಪ ಎರಡು ಕಾಮೆಟ್ ವಿಮಾನಗಳು ಆಕಾಶದಲ್ಲೇ ಛಿದ್ರವಾದವು. ಮೊದಲನೆಯದು ಹಾರಿದ್ದು ಕೇವಲ 1,290 ಬಾರಿ. ಫಾರ್ನ್‌ಬರೋದಲ್ಲಿ ಅದೇ ಮಾದರಿಯ ಇನ್ನೊಂದು ವಿಮಾನವನ್ನು ದೊಡ್ಡ ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಒಳಗೆ ಒತ್ತಡ ಏರಿಸಿ ಇಳಿಸುತ್ತಾ ಹೋದಾಗ, ನಿಜವಾದ ಹಾರಾಟಗಳೂ ಪರೀಕ್ಷೆಯವೂ ಸೇರಿ ಸುಮಾರು 3,000 ಏರಿಳಿತಗಳ ಹೊತ್ತಿಗೆ ಅದರ ಒಡಲು ಬಿರಿಯಿತು.

ಇನ್ನು ಕಾಲಾವಕಾಶದ ಮಾತು. 1,000 ಹಾರಾಟ ಎಂದರೆ ಬಿರುಕು ಪತ್ತೆಯಾದ ವಿಮಾನಕ್ಕೆ ಸಾವಿರ ಬಾರಿ ಹಾರಲು ಕೊಟ್ಟ ಅನುಮತಿ ಎಂದು ದಯವಿಟ್ಟು ತಿಳಿಯಬೇಡಿ. ಆ ಅವಧಿ ಇನ್ನೂ ಪರೀಕ್ಷೆಯಾಗದ ವಿಮಾನಗಳಿಗೆ ಮಾತ್ರ. ಪರೀಕ್ಷೆಯಲ್ಲಿ ಬಿರುಕು ಕಂಡರೆ ದುರಸ್ತಿಯಾಗುವವರೆಗೆ ಆ ವಿಮಾನ ಹಾರುವಂತಿಲ್ಲ. ಮೊದಲ ಹಂತದಲ್ಲಿ ಪರೀಕ್ಷಿಸಿದ 810 ವಿಮಾನಗಳ ಪೈಕಿ 38ರಲ್ಲಿ ಬಿರುಕು ಸಿಕ್ಕಿತು, ಅವೆಲ್ಲ ನೆಲದಲ್ಲೇ ಉಳಿದವು. ಬಿರುಕಿಲ್ಲವೆಂದು ತೇರ್ಗಡೆಯಾದವುಗಳಿಗೂ ಪ್ರತಿ 3,500 ಹಾರಾಟಕ್ಕೊಮ್ಮೆ ಮರುಪರೀಕ್ಷೆ ವಿಧಿಸಲಾಯಿತು. ಇಂಥ ಆದೇಶ ವಿಮಾನವನ್ನು ವಿನ್ಯಾಸ ಮಾಡಿದ ದೇಶದಿಂದ ಹೊರಟರೂ ನಮ್ಮ ದೇಶದ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎಯ ನಿಯಮದ ಪ್ರಕಾರ ಇಲ್ಲಿ ನೋಂದಣಿಯಾದ ವಿಮಾನಗಳಿಗೂ ಅದು ಕಡ್ಡಾಯ. ಅದನ್ನು ಪಾಲಿಸದ ವಿಮಾನಕ್ಕೆ ಹಾರುವ ಅರ್ಹತೆಯೇ ಇಲ್ಲ.

ವಸುಧಾ ಆರ್.

ಹ್ಯಾಂಗರ್ ಸರ್ ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. ನಾನು ಬೆಂಗಳೂರಿನಲ್ಲಿ ಇದೇ ವಿಷಯದ ಮೇಲೆ, ಅಂದರೆ ಲೋಹದಲ್ಲಿ ಬಿರುಕು ಬೆಳೆಯುವ ಬಗೆಯ ಮೇಲೆ ಕೆಲಸ ಮಾಡುತ್ತೇನೆ.

ವಿಮಾನದಲ್ಲಿ ಬಿರುಕೇ ಇರಬಾರದು ಎಂಬ ನಿರೀಕ್ಷೆಯನ್ನು ಎಂಜಿನಿಯರುಗಳು ಬಿಟ್ಟು ದಶಕಗಳೇ ಆದವು. 1977ರಲ್ಲಿ ಜಾಂಬಿಯಾದ ಲುಸಾಕಾ ಬಳಿ ಒಂದು ಬೋಯಿಂಗ್ 707 ಸರಕು ವಿಮಾನ ಇಳಿಯುವ ಹೊತ್ತಿನಲ್ಲಿ ಬಾಲದ ಅಡ್ಡರೆಕ್ಕೆಯೊಂದನ್ನು ಕಳೆದುಕೊಂಡು ಬಿತ್ತು, ಅದರಲ್ಲಿದ್ದ ಆರು ಮಂದಿಯೂ ತೀರಿಕೊಂಡರು. ಒಂದು ಭಾಗ ಮುರಿದರೆ ಇನ್ನೊಂದು ಭಾರ ಹೊರಲಿ ಎಂದೇ ಅದನ್ನು ವಿನ್ಯಾಸ ಮಾಡಲಾಗಿತ್ತು. ಆದರೆ ಮೊದಲ ಭಾಗ ಬಿರುಕು ಬಿಟ್ಟಿದ್ದು ಯಾರಿಗೂ ಗೊತ್ತಾಗದಿದ್ದರೆ ಎರಡನೆಯದು ಇದ್ದೂ ಪ್ರಯೋಜನವಿಲ್ಲ. 1978ರಲ್ಲಿ ಬಂದ ಅಮೆರಿಕದ ಹೊಸ ನಿಯಮ, ಬಿರುಕು ಇದ್ದೇ ಇರುತ್ತದೆಂದು ಭಾವಿಸಿ, ಅದು ಅಪಾಯದ ಗಾತ್ರ ತಲುಪುವ ಮುನ್ನ ಕಣ್ಣಿಗೆ ಬೀಳುವಂತೆ ತಪಾಸಣೆಗಳನ್ನು ಯೋಜಿಸಬೇಕು ಎಂದಿತು.

ಲೆಕ್ಕ ಹಾಕುವ ಕ್ರಮ ಹೀಗಿದೆ. ಬಿರುಕು ಸಣ್ಣದಿರುವಾಗ ಬಹಳ ನಿಧಾನವಾಗಿ ಬೆಳೆಯುತ್ತದೆ, ಉದ್ದವಾದಷ್ಟೂ ವೇಗ ಹೆಚ್ಚಿಸಿಕೊಳ್ಳುತ್ತದೆ. ಉಪಕರಣಕ್ಕೆ ಖಚಿತವಾಗಿ ಸಿಗುವ ಅತಿ ಚಿಕ್ಕ ಗಾತ್ರ ಒಂದು ತುದಿ, ಆ ಭಾಗ ತಾಳಬೇಕಾದ ಗರಿಷ್ಠ ಭಾರವನ್ನು ಇನ್ನು ತಾಳಲಾರದೆಂಬ ಗಾತ್ರ ಮತ್ತೊಂದು ತುದಿ. ಒಂದರಿಂದ ಇನ್ನೊಂದಕ್ಕೆ ಬೆಳೆಯಲು ಎಷ್ಟು ಹಾರಾಟ ಬೇಕೆಂದು ಪರೀಕ್ಷೆಯಿಂದಲೂ ಗಣಿತದಿಂದಲೂ ತಿಳಿದು, ಅದರ ಅರ್ಧ ಅಥವಾ ಮೂರನೇ ಒಂದು ಭಾಗಕ್ಕೆ ತಪಾಸಣೆಯ ಅಂತರವನ್ನು ನಿಗದಿ ಮಾಡುತ್ತಾರೆ. ಒಮ್ಮೆ ಕಣ್ತಪ್ಪಿದರೂ ಮುಂದಿನ ಸಲ ಸಿಗಲೆಂಬುದು ಇದರ ಉದ್ದೇಶ. ಕಾಲಾವಕಾಶ ಕೊಡುವಾಗಲೂ ಇದೇ ತರ್ಕ ನಡೆಯುತ್ತದೆ.

ಆದರೂ ನಿಮ್ಮ ಆತಂಕಕ್ಕೆ ಆಧಾರವಿಲ್ಲವೆಂದು ನಾನು ಹೇಳಲಾರೆ. 737 ಎನ್‌ಜಿಯ ಆ ಭಾಗ 90,000 ಹಾರಾಟದ ಆಯುಷ್ಯ ಬಾಳಲೆಂದು ಮಾಡಿದ್ದು, ಬಿರುಕು ಬಂದದ್ದು ಅದರ ಅರ್ಧವೂ ಮುಗಿಯುವ ಮೊದಲು. ಅದೂ ಮೊದಲು ಕಣ್ಣಿಗೆ ಬಿದ್ದದ್ದು ಪ್ರಯಾಣಿಕ ವಿಮಾನವೊಂದನ್ನು ಸರಕು ವಿಮಾನವಾಗಿ ಮಾರ್ಪಡಿಸಲು ಬಿಚ್ಚಿದಾಗ, ಯೋಜಿತ ತಪಾಸಣೆಯಲ್ಲಲ್ಲ. ಲೆಕ್ಕ ಎಷ್ಟೇ ಅಚ್ಚುಕಟ್ಟಾಗಿದ್ದರೂ ಬಿಚ್ಚಿ ನೋಡುವ ಕೆಲಸಕ್ಕೆ ಅದು ಬದಲಿಯಾಗದು.

ಕಡಲತಡಿಯವ

ಇಬ್ಬರಿಗೂ ಧನ್ಯವಾದ, ಅಂತರದ ಲೆಕ್ಕ ಈಗ ಅರ್ಥವಾಯಿತು. ಆದರೆ ವಸುಧಾ ಅವರ ಕೊನೆಯ ಮಾತಿನಿಂದಲೇ ಮತ್ತೊಂದು ಪ್ರಶ್ನೆ ಹುಟ್ಟುತ್ತದೆ. 1988ರಲ್ಲಿ ಹವಾಯಿಯ ಅಲೋಹಾ ಏರ್‌ಲೈನ್ಸ್ ವಿಮಾನದ ಚಾವಣಿ ಹಾರಿಹೋಯಿತಲ್ಲ, ಅದಕ್ಕೂ ಕಡ್ಡಾಯ ತಪಾಸಣೆಯ ಆದೇಶ ಇತ್ತೆಂದು ಓದಿದ್ದೇನೆ. ತಪಾಸಣೆ ನಡೆದೂ ಬಿರುಕು ತಪ್ಪಿಸಿಕೊಂಡದ್ದು ಹೇಗೆ?

ಸುಳಿವಿದ್ಯುತ್

ನಾನು ಲೋಹವನ್ನು ಕೆಡಿಸದೆ ಪರೀಕ್ಷಿಸುವ ಎನ್‌ಡಿಟಿ ವಿಭಾಗದಲ್ಲಿದ್ದೇನೆ. ಅಲೋಹಾ ಪ್ರಕರಣ ನಮ್ಮ ತರಬೇತಿಯಲ್ಲಿ ಈಗಲೂ ಇದೆ, ಇರಲೇಬೇಕು.

ಆ 737-200 ಹವಾಯಿ ದ್ವೀಪಗಳ ನಡುವೆ ಅರ್ಧ ಗಂಟೆಗೂ ಕಡಿಮೆಯ ಹಾರಾಟ ನಡೆಸುತ್ತಾ ಉಪ್ಪುಗಾಳಿಯಲ್ಲೇ 19 ವರ್ಷ ಕಳೆದು 89,680 ಹಾರಾಟ ಮುಗಿಸಿತ್ತು. 1988ರ ಏಪ್ರಿಲ್ 28ರಂದು 24,000 ಅಡಿ ಎತ್ತರದಲ್ಲಿ ಮುಂಭಾಗದ ಚಾವಣಿ ಸುಮಾರು 18 ಅಡಿಯಷ್ಟು ಕಿತ್ತುಹೋಯಿತು. ಗಗನಸಖಿ ಕ್ಲಾರಾಬೆಲ್ ಲ್ಯಾನ್ಸಿಂಗ್ ಹೊರಗೆ ಸೆಳೆಯಲ್ಪಟ್ಟು ಪ್ರಾಣ ಕಳೆದುಕೊಂಡರು. ಉಳಿದವರನ್ನು ಪೈಲಟ್‌ಗಳು ಮಾವಿ ದ್ವೀಪದಲ್ಲಿ ಇಳಿಸಿದರು.

ಆ ಮಾದರಿಯಲ್ಲಿ ಒಂದು ಹಾಳೆಯ ಅಂಚಿನ ಮೇಲೆ ಇನ್ನೊಂದರ ಅಂಚನ್ನು ಕೂರಿಸಿ, ನಡುವೆ ಅಂಟು ಹಾಕಿ, ಮೂರು ಸಾಲು ರಿವೆಟ್ (ಹಾಳೆಗಳನ್ನು ಬಿಗಿಹಿಡಿಯುವ ಲೋಹದ ಮೊಳೆ) ಹೊಡೆಯಲಾಗುತ್ತಿತ್ತು. ಅಂಟು ಬಿಟ್ಟುಹೋದಲ್ಲಿ ಹಾಳೆಯ ಹೊರೆಯೆಲ್ಲ ರಿವೆಟ್ ರಂಧ್ರಗಳ ಮೇಲೆ ಬಿದ್ದು, ಪ್ರತಿ ರಂಧ್ರದ ಅಂಚಿನಿಂದಲೂ ಕಿರುಬಿರುಕುಗಳು ಹೊರಟವು. ಒಂಟಿಯಾಗಿ ನೋಡಿದರೆ ಪ್ರತಿಯೊಂದೂ ಅಲ್ಪ, ಆದರೆ ಸಾಲಾಗಿದ್ದುದರಿಂದ ಒಂದಕ್ಕೊಂದು ಕೂಡಿಕೊಂಡು ಒಮ್ಮೆಲೇ ಹರಿದವು. ತಯಾರಕರು ಹೆಚ್ಚಿನ ಬೆಸುಗೆಪಟ್ಟಿಗಳನ್ನು ನೋಡಬೇಕೆಂದು ಸೂಚಿಸಿದ್ದರೂ, 1987ರ ಕಡ್ಡಾಯ ಆದೇಶ ಅವುಗಳಲ್ಲಿ ಕೆಲವನ್ನಷ್ಟೇ ಹೆಸರಿಸಿತ್ತು. ಅಮೆರಿಕದ ತನಿಖಾ ಮಂಡಳಿ ಎನ್‌ಟಿಎಸ್‌ಬಿ ವಿಮಾನ ಸಂಸ್ಥೆಯ ನಿರ್ವಹಣೆಯನ್ನು ಮೊದಲ ಕಾರಣವೆಂದೂ ಎಫ್‌ಎಎ ತನ್ನ ಆದೇಶವನ್ನು ಇಷ್ಟು ಕಿರಿದಾಗಿಸಿದ್ದನ್ನು ಪೂರಕ ಕಾರಣವೆಂದೂ ದಾಖಲಿಸಿತು.

ಈಗ ತಪಾಸಣೆ ಮಾಡುವವನ ಕಡೆಯಿಂದ ನೋಡಿ. ಪೆನ್ನಿನ ಗಾತ್ರದ ಪ್ರೋಬ್‌ನೊಳಗೆ ಒಂದು ಸುರುಳಿ ಇರುತ್ತದೆ. ಅದರಲ್ಲಿ ಹರಿಯುವ ಪರ್ಯಾಯ ವಿದ್ಯುತ್ತು (ಎಸಿ) ಅಲ್ಯೂಮಿನಿಯಂ ಹಾಳೆಯಲ್ಲಿ ಸಣ್ಣ ಸುಳಿಗಳಂತೆ ವಿದ್ಯುತ್ತನ್ನು ಹುಟ್ಟಿಸುತ್ತದೆ, ಬಿರುಕು ಎದುರಾದರೆ ಆ ಸುಳಿ ದಾರಿ ತಪ್ಪುತ್ತದೆ, ಪರದೆಯ ಮೇಲಿನ ಚುಕ್ಕೆ ಜಿಗಿಯುತ್ತದೆ. ಕೆಲಸ ಶುರುವಾಗುವ ಮೊದಲು, ಬೇಕೆಂದೇ ಗೀರು ಹಾಕಿದ ಮಾದರಿ ತುಂಡಿನ ಮೇಲೆ ಪ್ರೋಬ್ ಓಡಿಸಿ ಚುಕ್ಕೆ ಎಷ್ಟು ಏರಬೇಕೆಂದು ಹೊಂದಿಸಿಕೊಳ್ಳುತ್ತೇವೆ. ಆಮೇಲೆ ಒಂದೊಂದು ರಿವೆಟ್ಟಿನ ತಲೆಯ ಸುತ್ತ ಪ್ರೋಬನ್ನು ಓರೆಯಾಗದಂತೆ ನಡೆಸಬೇಕು. ಕೈ ಸ್ವಲ್ಪ ವಾಲಿದರೂ ಚುಕ್ಕೆ ಅಲುಗುತ್ತದೆ, ಬಣ್ಣದ ಪದರ ದಪ್ಪವಾದಲ್ಲೂ ಅಲುಗುತ್ತದೆ. ಯಾವುದು ಬಿರುಕಿನ ಜಿಗಿತ, ಯಾವುದು ಕೈಯ ಅಲುಗಾಟ ಎಂದು ಆ ಕ್ಷಣಕ್ಕೇ ತೀರ್ಮಾನಿಸಬೇಕು. ಅಲೋಹಾದ ತಪಾಸಕರು ಸುಮಾರು 1,300 ರಿವೆಟ್‌ಗಳನ್ನು ಕಣ್ಣಿನಿಂದ ಹತ್ತಿರಕ್ಕೆ ಹೋಗಿ ನೋಡಬೇಕಿತ್ತು, ಸುಮಾರು 360ನ್ನು ಪ್ರೋಬ್‌ನಿಂದ ಪರೀಕ್ಷಿಸಬೇಕಿತ್ತು, ಅದೂ ರಾತ್ರಿ ಪಾಳಿಯಲ್ಲಿ, ಹ್ಯಾಂಗರ್‌ನ, ಅಂದರೆ ವಿಮಾನ ನಿಲ್ಲಿಸಿ ದುರಸ್ತಿ ಮಾಡುವ ಕಟ್ಟಡದ ಮಾಡಿನಿಂದ ಇಳಿಬಿಟ್ಟ ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡು, ವಿಮಾನದ ಬೆನ್ನಿನ ಮೇಲೆ. ನೂರಾರು ರಿವೆಟ್‌ಗಳಲ್ಲಿ ಏನೂ ಸಿಗದ ಮೇಲೆ ಮುಂದಿನದರಲ್ಲೂ ಏನೂ ಇಲ್ಲವೆಂದು ಮನಸ್ಸು ಮೊದಲೇ ಒಪ್ಪಿಕೊಳ್ಳತೊಡಗುತ್ತದೆ. ಆದೇಶ ಹೊರಡಿಸುವವರು ಹಾರಾಟದ ಸಂಖ್ಯೆಯ ಜೊತೆಗೆ, ಒಬ್ಬ ಮನುಷ್ಯ ಒಂದು ಪಾಳಿಯಲ್ಲಿ ಎಷ್ಟು ರಿವೆಟ್ ನೋಡಬಹುದೆಂಬ ಸಂಖ್ಯೆಯನ್ನೂ ಬರೆಯಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಅಂದು ಹತ್ತುವಾಗ ಬಾಗಿಲ ಬಳಿ ಬಿರುಕನ್ನು ನೋಡಿದ ಪ್ರಯಾಣಿಕರೊಬ್ಬರು ಯಾರಿಗೂ ಹೇಳದೆ ಹೋಗಿ ಕುಳಿತರು. ನೀವು ಅಂಥದ್ದೇನಾದರೂ ಕಂಡರೆ ಸಂಕೋಚಪಡದೆ ಸಿಬ್ಬಂದಿಗೆ ಹೇಳಿ.

ಹಳೆಯ ಹ್ಯಾಂಗರ್

ಒಂದು ತಿದ್ದುಪಡಿ. ‘ಬೆಸುಗೆಪಟ್ಟಿ’ ಎಂದರೆ ಓದುಗರು ವೆಲ್ಡಿಂಗ್ ಎಂದುಕೊಂಡಾರು, ಅದು ಹಾಳೆಗಳ ಅಂಚುಗಳು ಒಂದರ ಮೇಲೊಂದು ಕೂರುವ ಜೋಡಣೆ, ಅಷ್ಟೇ.

ಸುಳಿವಿದ್ಯುತ್ ಅವರು ಹೇಳಿದ್ದು ಕಾಣುವ ಜಾಗದ ಬಿರುಕು. ನನ್ನನ್ನು ಹೆಚ್ಚು ಕಾಡುವುದು ದುರಸ್ತಿಯೇ ಮುಚ್ಚಿಟ್ಟ ಬಿರುಕು. 1978ರಲ್ಲಿ ಒಸಾಕಾದಲ್ಲಿ ಇಳಿಯುವಾಗ ಬಾಲ ನೆಲಕ್ಕೆ ಉಜ್ಜಿದ ಜಪಾನ್ ಏರ್‌ಲೈನ್ಸ್‌ನ 747ರಲ್ಲಿ, ಒಳಗಿನ ಗಾಳಿಯ ಒತ್ತಡವನ್ನು ಬಾಲದ ಕಡೆ ತಡೆಹಿಡಿಯುವ ಗೋಡೆಗೆ ದುರಸ್ತಿಯ ವೇಳೆ ತಪ್ಪು ಜೋಡಣೆಯಾಯಿತು. ಎರಡು ಸಾಲು ರಿವೆಟ್ ಹೊರಬೇಕಾದ ಭಾರವನ್ನು ಒಂದೇ ಸಾಲು ಹೊತ್ತಿತು. ಏಳು ವರ್ಷಗಳ ನಂತರ, 1985ರ ಆಗಸ್ಟ್ 12ರಂದು, ಆ ಗೋಡೆ ಒಡೆದು 520 ಜನ ಸತ್ತರು. ಚೈನಾ ಏರ್‌ಲೈನ್ಸ್‌ನ 747 ಒಂದಕ್ಕೂ 1980ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಬಾಲ ಉಜ್ಜಿತ್ತು. ಗೀರು ಬಿದ್ದ ಹಾಳೆಯನ್ನು ಪೂರ್ತಿ ಕತ್ತರಿಸಿ ತೆಗೆಯದೆ ಮೇಲೊಂದು ತೇಪೆ ಹಾಕಿದರು. ತೇಪೆಯಡಿಯಲ್ಲಿ ಬಿರುಕು 22 ವರ್ಷ ಬೆಳೆದು, 2002ರ ಮೇ 25ರಂದು 225 ಜನರೊಂದಿಗೆ ಆ ವಿಮಾನ ತೈವಾನ್ ಜಲಸಂಧಿಯ ಮೇಲೆ ಛಿದ್ರವಾಯಿತು. ಹಿಂದಿನ ವರ್ಷ ತೆಗೆದ ಫೋಟೋಗಳಲ್ಲಿ ಆ ತೇಪೆಯ ಅಂಚಿನಲ್ಲಿ ಕಂದು ಕಲೆಗಳು ಕಾಣುತ್ತವೆ: ವಿಮಾನದೊಳಗೆ ಧೂಮಪಾನಕ್ಕೆ ಅವಕಾಶವಿದ್ದ ಕಾಲದ ಹೊಗೆಯ ಜಿಡ್ಡು ಬಿರುಕಿನಿಂದ ಒಸರಿ ಬಂದದ್ದು. ಹಳೆಯ ದುರಸ್ತಿಗಳನ್ನು ಮರುಪರಿಶೀಲಿಸುವ ಕಾರ್ಯಕ್ರಮದಲ್ಲಿ ಅದರ ಸರದಿ ಇದ್ದದ್ದು ಅದೇ ವರ್ಷದ ನವೆಂಬರ್‌ಗೆ.

ಅಮೆರಿಕದಲ್ಲಿ 2010ರಲ್ಲಿ ಬಂದ ನಿಯಮದಂತೆ, ದೊಡ್ಡ ವಿಮಾನಗಳಿಗೆ ಇಷ್ಟು ಹಾರಾಟ ಅಥವಾ ಇಷ್ಟು ಗಂಟೆಯ ಆಚೆಗೆ ಹಾರಿಸುವಂತಿಲ್ಲ ಎಂಬ ಮಿತಿಯನ್ನು ತಯಾರಕರೇ ಗೊತ್ತುಮಾಡಬೇಕು. ಅಲೋಹಾದಂತೆ ಸಾಲುಸಾಲಾಗಿ ಹುಟ್ಟುವ ಬಿರುಕಿಗೆ ತಪಾಸಣೆಯೊಂದೇ ಸಾಲದೆಂದು ಒಪ್ಪಿಕೊಂಡ ನಿಯಮ ಅದು. ಬರಲು 22 ವರ್ಷ ಹಿಡಿದದ್ದು ದುಃಖದ ಸಂಗತಿ.

ಕಡಲತಡಿಯವ

ಕೊನೆಯದೊಂದು ಪ್ರಶ್ನೆ. 787, ಎ350ಯಂಥ ಹೊಸ ವಿಮಾನಗಳ ಒಡಲು ಲೋಹದ್ದಲ್ಲವಂತೆ. ಅವುಗಳಿಗೆ ಈ ತಪಾಸಣೆಯ ಅಗತ್ಯವೇ ಇರುವುದಿಲ್ಲವೇ?

ವಸುಧಾ ಆರ್.

ಇರುತ್ತದೆ, ಹುಡುಕುವ ವಸ್ತು ಬೇರೆ. ಕಾರ್ಬನ್ ನಾರಿನ ಪದರಗಳು ಒತ್ತಡದ ಏರಿಳಿತಕ್ಕೆ ಅಲ್ಯೂಮಿನಿಯಂನಂತೆ ದಣಿಯುವುದಿಲ್ಲ. ಆದರೆ ಸಾಮಾನಿನ ಗಾಡಿಯೋ ಮೆಟ್ಟಿಲಿನ ವಾಹನವೋ ತಗುಲಿದರೆ ಹೊರಗೆ ಬಣ್ಣವೂ ಹೋಗದೆ ಒಳಗಿನ ಪದರಗಳು ಬಿಟ್ಟುಕೊಂಡಿರಬಹುದು. ಅಲ್ಯೂಮಿನಿಯಂ ಆಗಿದ್ದರೆ ತಗ್ಗು ಬಿದ್ದು ತಾನೇ ತೋರಿಸಿಕೊಡುತ್ತಿತ್ತು. ಇಲ್ಲಿ ಅಲ್ಟ್ರಾಸೌಂಡ್ ಹಿಡಿದು ನೋಡಬೇಕು, ಎಲ್ಲಿ ಹಿಡಿಯಬೇಕೆಂದು ತಿಳಿಯಬೇಕಾದರೆ ತಗುಲಿಸಿದ ಚಾಲಕ ಬಂದು ಹೇಳಬೇಕು. ಹೇಳಿದವನಿಗೆ ಶಿಕ್ಷೆಯಾಗುವ ವಾತಾವರಣವಿದ್ದರೆ ಅವನು ಹೇಳುವುದಿಲ್ಲ. ಆದ್ದರಿಂದ ಈ ವಿಮಾನಗಳ ವಿಷಯದಲ್ಲಿ ಹ್ಯಾಂಗರ್‌ನ ನಿಯಮಗಳಷ್ಟೇ ಗಟ್ಟಿಯಾಗಿ, ನಿಲುಗಡೆಯ ಜಾಗದಲ್ಲಿ ನಿರ್ಭಯವಾಗಿ ವರದಿ ಮಾಡುವ ವ್ಯವಸ್ಥೆಯೂ ಇರಬೇಕು.