ಪದಚರ್ಚೆ: ಟ್ರ್ಯಾಕ್ಟರ್ ‘ಹೂತಿತು’, ‘ಕೂತಿತು’, ಮತ್ತೆ ಈ ‘ಚೇಂಬರ್’

ಎಲ್ಲರಿಗೂ ನಮಸ್ಕಾರ,

ಮಿನಿ ಟ್ರ್ಯಾಕ್ಟರ್ ಓಡಿಸುವವರಿಗೆ ಅಂತ ಎರಡು ಪುಟದ ಹಾಳೆಯೊಂದನ್ನು ಬರೆಯುತ್ತಿದ್ದೇನೆ (ಅಡಿಕೆ ಹಾಳೆ ಅಲ್ಲ, ಕಾಗದದ್ದೇ). ಶೆಡ್ಡಿನ ಗೋಡೆಗೆ ಅಂಟಿಸುವುದಕ್ಕೆ. ನಮ್ಮ ಕಡೆ ತೋಟದ ಸಾಲಿನ ನಡುವೆ ದೊಡ್ಡ ಟ್ರ್ಯಾಕ್ಟರ್ ನುಗ್ಗುವುದಿಲ್ಲ, ಹಾಗಾಗಿ 20-30 ಎಚ್‌ಪಿಯ ಸಣ್ಣ ಗಾಡಿಗಳೇ ಜಾಸ್ತಿ. ಬಾಡಿಗೆ ಗಾಡಿಯಾದರೆ ಇವತ್ತು ಒಬ್ಬರ ಕೈ, ನಾಳೆ ಇನ್ನೊಬ್ಬರ ಕೈ. ಏನು ಹೇಳಬೇಕು ಅನ್ನುವುದರಲ್ಲಿ ಗೊಂದಲ ಇಲ್ಲ: ಗಾಡಿಯ ಅಡಿಭಾಗ ಕಾಪಾಡಿ, ಗಾಡಿ ಉರುಳಿಸಿಕೊಳ್ಳಬೇಡಿ. ಯಾವ ಪದದಲ್ಲಿ ಹೇಳಬೇಕು ಅನ್ನುವುದೇ ತಲೆನೋವು. ಸುಮ್ನೆ ಚರ್ಚೆಗೆ ಅಂತ ಕೇಳುತ್ತಿಲ್ಲ. ಇಲ್ಲಿ ಪದ ಬದಲಾದರೆ ಓದಿದವರು ಮಾಡುವ ಕೆಲಸವೂ ಬದಲಾಗುತ್ತೆ.

ಮೊದಲು ‘ಚೇಂಬರ್’. ಕಾರು, ಲಾರಿಯವರ ಬಾಯಲ್ಲಿ ಚೇಂಬರ್ ಅಂದರೆ ಇಂಜಿನ್ ಆಯಿಲ್ ತುಂಬಿರುವ ಕೆಳಗಿನ ಬೋಗುಣಿ. ಹಂಪ್ ಹಾರಿಸಿದೆ, ಚೇಂಬರ್ ಒಡೆಯಿತು ಅನ್ನುವುದನ್ನು ಎಲ್ಲರೂ ಕೇಳಿರುತ್ತೀರಿ. ಟ್ರ್ಯಾಕ್ಟರಿಗೂ ಅದೇ ಪದ ಬಂದುಬಿಟ್ಟಿದೆ. ‘ತಳಭಾಗ’ ಅಂತ ಓದಿ ಹೇಳಿದರೆ ಡ್ರೈವರ್ ಒಬ್ಬ ನಕ್ಕು, “ತಳ ಅಂದ್ರೆ ಪಾತ್ರೇದು ಸಾರ್, ಇದು ಚೇಂಬರ್ ಅಲ್ವಾ” ಅಂದ. ಸರಿ, ಅವನ ಮಾತೇ ಇರಲಿ ಅಂದುಕೊಳ್ಳೋಣ. ಆದರೆ ಟ್ರ್ಯಾಕ್ಟರಿನ ಮೈ ಬೇರೆ ತರ. ಲಾರಿಗೆ ಇದ್ದ ಹಾಗೆ ಪ್ರತ್ಯೇಕ ಚಾಸಿ (ಎಲ್ಲ ಭಾಗವನ್ನೂ ಹೊರುವ ಕೆಳಗಿನ ಚೌಕಟ್ಟು) ಸಾಮಾನ್ಯವಾಗಿ ಇದಕ್ಕೆ ಇರುವುದಿಲ್ಲ. ಇಂಜಿನ್, ಕ್ಲಚ್ ಹೌಸಿಂಗ್, ಗೇರ್ ಬಾಕ್ಸ್, ಹಿಂದಿನ ಆಕ್ಸಲ್ ಒಂದರ ಹಿಂದೆ ಒಂದು ಬೋಲ್ಟಿನಲ್ಲಿ ಕೂಡಿಕೊಂಡು ಅದೇ ಬೆನ್ನೆಲುಬಾಗಿರುತ್ತೆ. ಆ ಎರಕದ ಮೈ ಗಟ್ಟಿಯೇ. ಪೆಟ್ಟು ತಿನ್ನುವುದು ಅದರಿಂದ ಹೊರಗೆ ಇಣುಕುವ ಸಣ್ಣಪುಟ್ಟದ್ದು: ಆಯಿಲ್ ಇಳಿಸುವ ಬೋಲ್ಟ್, ಹೈಡ್ರಾಲಿಕ್ ಫಿಲ್ಟರ್, ಆಯಿಲ್ ಪೈಪು, ಫೋರ್ ವೀಲ್ ಡ್ರೈವ್ ಆದರೆ ಮುಂದಿನ ಗಾಲಿಗೆ ಹೋಗುವ ಶಾಫ್ಟ್. ಬಹಳಷ್ಟು ಸಣ್ಣ ಗಾಡಿಗಳಲ್ಲಿ ಗೇರಿಗೂ, ಹಿಂದೆ ಕಟ್ಟಿದ ಸಲಕರಣೆ ಎತ್ತುವ ಲಿಫ್ಟಿಗೂ ಒಂದೇ ಆಯಿಲ್. ಆ ಫಿಲ್ಟರಿಗೆ ಒಂದು ಕಲ್ಲು ತಾಗಿದರೆ ಎರಡೂ ಹೋದ ಹಾಗೆ. ‘ಚೇಂಬರ್ ನೋಡಿಕೊಳ್ಳಿ’ ಅಂತ ಬರೆದರೆ ಡ್ರೈವರ್ ಬಗ್ಗಿ ಇಂಜಿನ್ ಕೆಳಗೆ ಮಾತ್ರ ನೋಡುತ್ತಾನೆ, ಫಿಲ್ಟರ್ ಕಡೆ ಕಣ್ಣೇ ಹೋಗಲ್ಲ. ಇಡೀ ಅಡಿಭಾಗಕ್ಕೆ ಒಂದು ಆಡುಮಾತು ನಿಮ್ಮ ಕಡೆ ಇದೆಯಾ? ‘ಅಡಿ’ ಅಂದರೆ ಚೆನ್ನಾಗಿದೆ, ಆದರೆ ‘ಅಡಿ ನೆಲದಿಂದ ಒಂದಡಿ ಮೇಲಿರಲಿ’ ಅಂತ ಬರೆದು ನಾನೇ ಪೆನ್ನು ಕೆಳಗಿಟ್ಟೆ. ‘ಬುಡ’ ಬೇಡವೇ ಬೇಡ, ತೋಟದಲ್ಲಿ ಬುಡ ಅಂದರೆ ಮರದ್ದು. ಸದ್ಯಕ್ಕೆ ‘ಹೊಟ್ಟೆ’ ಅಂತ ಬರೆದಿದ್ದೇನೆ.

ಆ ಹೊಟ್ಟೆಗೆ ಕೆಳಗಿಂದ ಹಾಕಿಸುವ ರಕ್ಷಣೆಗೆ ‘ಗಾರ್ಡ್’ ಸಾಕು, ‘ರಕ್ಷಾಕವಚ’ ಎಲ್ಲ ಯಾಕೆ. ತೊಂದರೆ ಇರುವುದು ‘ತಗಡು’ ಪದದಲ್ಲಿ. ‘ಅಡಿಗೆ ತಗಡು ಹೊಡೆಸಿ’ ಅಂದರೆ ವೆಲ್ಡಿಂಗ್ ಅಂಗಡಿಯವರು ತೆಳು ಶೀಟನ್ನೇ ಕೂರಿಸಿ ಕಳಿಸುತ್ತಾರೆ. ಅದು ಮೊದಲ ಕಲ್ಲಿಗೇ ಒಳಕ್ಕೆ ಬಗ್ಗಿ ಬೋಲ್ಟನ್ನು ಒತ್ತಿಕೊಂಡು ನಿಲ್ಲುತ್ತೆ. ‘4-5 ಎಂಎಂ ಪ್ಲೇಟ್’ ಅಂತಲೇ ಹೇಳಬೇಕು. ಎರಕದ ಮೈಗೆ ಹೊಸ ತೂತು ಕೊರೆಯದೆ ಇರುವ ಬೋಲ್ಟ್ ತೂತಿಗೇ ಹಿಡಿಸಬೇಕು. ಆಯಿಲ್ ಇಳಿಸುವ ಜಾಗಕ್ಕೆ ಕಿಂಡಿ ಬಿಡಿಸಬೇಕು. ಇನ್ನೊಂದು: ಪ್ಲೇಟಿನ ಮೇಲೆ ಒಣ ಸೋಗೆ, ಹುಲ್ಲು, ಮಣ್ಣು ತುಂಬಿಕೊಂಡು ಸೈಲೆನ್ಸರ್ ಬಿಸಿಗೆ ಹತ್ತಿಕೊಳ್ಳಬಹುದು, ಅದಕ್ಕೆ ಆಗಾಗ ಬಿಚ್ಚಿ ಕೆರೆಯಬೇಕು.

ಈಗ ನನಗೆ ತುಂಬ ಇಷ್ಟವಾದ ಜೋಡಿ, ‘ಹೂತಿತು’ ಮತ್ತು ‘ಕೂತಿತು’. ಒಂದೇ ಅಕ್ಷರದ ವ್ಯತ್ಯಾಸ. ಫೋನಿನಲ್ಲಿ ಕೇಳಿದರಂತೂ ಎರಡೂ ಒಂದೇ. ಹೂತಿತು ಅಂದರೆ ಗಾಲಿ ಕೆಸರಿನಲ್ಲಿ ಇಳಿದಿದೆ. ಕೂತಿತು ಅಂದರೆ ಬದು ಹತ್ತಿಸುವಾಗ ಮುಂದಿನ ಗಾಲಿ ದಾಟಿ, ಹಿಂದಿನದು ಇನ್ನೂ ಹತ್ತದೆ, ಹೊಟ್ಟೆ ಬದುವಿನ ಮೇಲೆ ನಿಂತಿದೆ. ಎರಡಕ್ಕೂ ಮದ್ದು ಬೇರೆ ಬೇರೆ. ಹೂತರೆ ಗಾಲಿಯ ಮುಂದೆ ಮಣ್ಣು ತೆಗೆದು, ಗಾಲಿ ತಿರುಗುವ ಮೊದಲೇ ಡಿಫ್ ಲಾಕ್ (ಹಿಂದಿನ ಎರಡೂ ಗಾಲಿ ಒಟ್ಟಿಗೇ ತಿರುಗುವ ಹಾಗೆ ಮಾಡುವ ಲಾಕ್) ಹಾಕಿ, ನಿಧಾನಕ್ಕೆ ಎಬ್ಬಿಸಬಹುದು. ಕೂತಾಗ ಆಕ್ಸಲರೇಟರ್ ಕೊಟ್ಟರೆ ಗಾಲಿ ಸುಮ್ನೆ ತಿರುಗುತ್ತೆ. ಯಾರಾದರೂ ಹಗ್ಗ ಕಟ್ಟಿ ಎಳೆದರೋ, ಫಿಲ್ಟರು ಬೋಲ್ಟು ಎಲ್ಲ ಕಲ್ಲಿಗೆ ಉಜ್ಜಿಕೊಂಡೇ ಮುಂದಕ್ಕೆ ಬರಬೇಕು. ಇಂಜಿನ್ ಆರಿಸಿ, ಕೀಲಿ ತೆಗೆದು, ಪಕ್ಕದಿಂದ ಗುದ್ದಲಿಯಲ್ಲಿ ಹೊಟ್ಟೆ ಕೆಳಗಿನ ಮಣ್ಣು ತೆಗೆಯುವುದೇ ಒಳ್ಳೆಯ ದಾರಿ. ನಮ್ಮ ಮೈಯನ್ನು ಮಾತ್ರ ಗಾಡಿಯ ಅಡಿಗೆ ತೂರಿಸಬಾರದು. ಕೆಸರಿನಲ್ಲಿ ಹೂತು ಹೂತು ಕೊನೆಗೆ ಹೊಟ್ಟೆ ನೆಲಕ್ಕೆ ತಾಗಿ ಕೂತುಬಿಡುವುದೂ ಉಂಟು, ಆಗ ಯಾವ ಪದ? ಬಯಲುಸೀಮೆಯವರು ಇಲ್ಲಿ ಏನಂತೀರಿ? ‘ಸಿಕ್ಕಾಕಿಕೊಳ್ತು’ ಅನ್ನಬೇಡಿ, ಅದರಲ್ಲಿ ಎಲ್ಲವೂ ಬಂತು, ಏನೂ ತಿಳಿಯಲಿಲ್ಲ.

ಇನ್ನು ‘ಪಲ್ಟಿ’. ಪೇಪರಿನಲ್ಲಿ ‘ಚಾಲಕನ ನಿಯಂತ್ರಣ ತಪ್ಪಿ ಟ್ರ್ಯಾಕ್ಟರ್ ಪಲ್ಟಿ’ ಅಂತ ಬರುತ್ತಲ್ಲ, ಅದೇ ಪದ ಉತ್ತರ ಕರ್ನಾಟಕದ ಹೊಲದಲ್ಲಿ ನೇಗಿಲಿನ ಹೆಸರು. ಪಲ್ಟಿ ನೇಗಿಲು, ಪಲ್ಟಿ ಹೊಡೆಸೋದು. ‘ಪಲ್ಟಿ ಹೊಡೆಯುವಾಗ ಎಚ್ಚರ’ ಅಂತ ಬರೆದರೆ ಅಲ್ಲಿನವರು ಯಾವುದು ಅಂತ ತಿಳಿಯಬೇಕು? ಅದಕ್ಕಿಂತ ದೊಡ್ಡ ತಕರಾರು ನನ್ನದು ಏನೆಂದರೆ, ಪಲ್ಟಿ ಅನ್ನುವುದು ಎರಡು ಬೇರೆ ಅಪಘಾತಗಳನ್ನು ಒಂದೇ ಮಾಡಿಬಿಡುತ್ತೆ, ನಮ್ಮಲ್ಲಿ ‘ಮಗುಚು’, ‘ಉರುಳು’ ಅಂತ ಎರಡು ಒಳ್ಳೆಯ ಕ್ರಿಯಾಪದ ಇದ್ದೂ. ಪಕ್ಕಕ್ಕೆ ಉರುಳುವುದು ಇಳಿಜಾರಿನಲ್ಲಿ, ಬದುವಿನ ಅಂಚಿನಲ್ಲಿ, ಜೋರಾಗಿ ತಿರುಗಿಸುವಾಗ. ಹಿಂದಕ್ಕೆ ಮಗುಚುವುದು ಭಾರ ಎಳೆಯುವಾಗ. ಸರಪಳಿಯನ್ನು ಕೆಳಗಿನ ಡ್ರಾಬಾರಿಗೆ (ಭಾರ ಎಳೆಯಲೆಂದೇ ಹಿಂದೆ ಇರುವ ಕಬ್ಬಿಣದ ಪಟ್ಟಿ) ಹಾಕದೆ ಮೇಲೆ ಟಾಪ್ ಲಿಂಕಿಗೋ (ಸಲಕರಣೆಯನ್ನು ಮೇಲಿಂದ ಹಿಡಿಯುವ ಕೋಲು) ಆಕ್ಸಲಿಗೋ ಹಾಕಿದರೆ, ಗಾಲಿ ಮುಂದೆ ಹೋಗಲಾರದೆ ಗಾಡಿಯ ಮೂತಿಯೇ ಮೇಲೆದ್ದು ಹಿಂದಕ್ಕೆ ಬರುತ್ತೆ. ಕೆಸರಿನಿಂದ ಎಬ್ಬಿಸಲು ಹಿಂದಿನ ಗಾಲಿಗೆ ಮರದ ತುಂಡು ಕಟ್ಟುತ್ತಾರಲ್ಲ, ಅಲ್ಲೂ ಇದೇ ಅಪಾಯ. ಒಂದೆರಡು ಸೆಕೆಂಡಿನ ಮಾತು, ಕ್ಲಚ್ ತುಳಿಯಲೂ ಪುರುಸೊತ್ತು ಸಿಗಲ್ಲ. ಹಾಗಾಗಿ ಹಾಳೆಯಲ್ಲಿ ‘ಹಿಂದಕ್ಕೆ ಮಗುಚುತ್ತದೆ’, ‘ಪಕ್ಕಕ್ಕೆ ಉರುಳುತ್ತದೆ’ ಅಂತಲೇ ಬೇರೆ ಬೇರೆ ಬರೆದಿದ್ದೇನೆ. ಯಾರಿಗಾದರೂ ಇದು ಪುಸ್ತಕದ ಭಾಷೆ ಅನ್ನಿಸಿದರೆ ಹೇಳಿ, ನನಗಂತೂ ಅನ್ನಿಸಲಿಲ್ಲ.

‘ಕುಂಟೆ’ ಬಗ್ಗೆ ಒಂದು ಮಾತು. ಮಲೆನಾಡಿನವರಿಗೆ ಕುಂಟೆ ಅಂದರೆ ಮರದ ದಿಮ್ಮಿ. ಬಯಲಿನವರಿಗೆ ಹೊಲ ಹರಗುವ ಸಲಕರಣೆ. ‘ಹುಲ್ಲಿನಲ್ಲಿ ಕುಂಟೆ ಇದೆಯಾ ನೋಡಿ’ ಅಂದರೆ ಒಬ್ಬರಿಗೆ ಹೊಟ್ಟೆಗೆ ಹೊಡೆಯುವ ಮರ, ಇನ್ನೊಬ್ಬರಿಗೆ ಯಾರೋ ಮರೆತು ಬಿಟ್ಟುಹೋದ ಕುಂಟೆ. ನೆಲದಲ್ಲಿ ಬೇರು ಸಮೇತ ಉಳಿದ, ಕಡಿದ ಮರದ ಮೋಟಿಗೆ ಎರಡೂ ಕಡೆ ತಿಳಿಯುವ ಪದ ಬೇಕು. ಕೊರಡು? ಬೊಡ್ಡೆ? ಮೋಟೇ ಸಾಕಾ?

‘ಆಪರೇಟರ್ ಎರರ್’ ಅನ್ನುವುದಕ್ಕೆ ‘ಚಾಲಕನ ಅಜಾಗರೂಕತೆ’ ಅಂತ ಒಬ್ಬರು ಸೂಚಿಸಿದರು. ಅದು ಎಫ್‌ಐಆರ್ ಭಾಷೆ. ಓದಿದ ಕೂಡಲೇ ಡ್ರೈವರ್ ಮುಖ ಗಂಟಿಕ್ಕುತ್ತಾನೆ. ಬಿಟ್ಟುಬಿಟ್ಟೆ. ‘ಹಾಫ್ ಕ್ಲಚ್’ (ಕ್ಲಚ್ ಪೆಡಲನ್ನು ಅರ್ಧ ತುಳಿದಿಡುವುದು) ಮಾತ್ರ ಹಾಗೇ ಇಟ್ಟಿದ್ದೇನೆ, ಅರ್ಧ ಕ್ಲಚ್ ಅಂತ ಯಾರೂ ಅನ್ನಲ್ಲ.

ಕೊನೆಯದು. ಟ್ರ್ಯಾಕ್ಟರಿಗೆ ಬಲ ಎಡ ಎರಡು ಬ್ರೇಕ್ ಪೆಡಲ್. ಸಾಲು ತಿರುಗಿಸುವಾಗ ಒಂದನ್ನೇ ತುಳಿಯಲು ಬೇರೆ ಬೇರೆ ಮಾಡಿರುತ್ತಾರೆ. ರಸ್ತೆಗೆ ಬಂದಾಗ ಎರಡನ್ನೂ ಕೂಡಿಸದೇ ಹೋದರೆ, ಜೋರಿನಲ್ಲಿ ಒಂದೇ ಗಾಲಿ ನಿಂತು ಗಾಡಿ ಗಿರ್ ಅಂತ ತಿರುಗಿ ಉರುಳುತ್ತೆ. ಆ ಕೂಡಿಸುವ ತುಂಡಿಗೆ ನಾನು ‘ಚಿಲಕ’ ಅಂತ ಬರೆದಿದ್ದೇನೆ: ‘ರಸ್ತೆಗೆ ಇಳಿಯುವ ಮೊದಲು ಬ್ರೇಕಿನ ಚಿಲಕ ಹಾಕಿ’. ‘ಲಾಕ್’ ಅಂದರೆ ಪಾರ್ಕಿಂಗ್ ಬ್ರೇಕ್ ಅಂದುಕೊಳ್ಳುತ್ತಾರೆ ಅನ್ನುವ ಅನುಮಾನ ನನಗೆ. ನಿಮ್ಮ ಊರಿನಲ್ಲಿ ಯಾರಾದರೂ ಟ್ರ್ಯಾಕ್ಟರ್ ಓಡಿಸುವವರಿದ್ದರೆ ಆ ತುಂಡನ್ನು ಕೈಯಲ್ಲಿ ತೋರಿಸಿ ಇದಕ್ಕೇನಂತೀರಿ ಅಂತ ಕೇಳಿ ಬರೆಯಿರಿ. ನಿಘಂಟು ನೋಡಿ ಬರೆಯಬೇಡಿ, ಅದು ನನ್ನ ಹತ್ತಿರವೂ ಇದೆ.