ಅಪ್ಪನ ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಲಾ, ಬೇಡವಾ? ಅನುಭವ ಇದ್ದವರು ಹೇಳಿ

ಗುಬ್ಬಿಗೂಡು:
ಅಪ್ಪನಿಗೆ 71. ಪೆನ್ಷನ್ ಖಾತೆಗೆ ಆಧಾರ್ ಜೋಡಿಸಿದೆ, ರೇಷನ್ನಿಗೂ ಅದೇ ಹೆಬ್ಬೆಟ್ಟು. ಕೀಪ್ಯಾಡ್ ಫೋನು. ನಾನಿರೋದು ಬೇರೆ ಊರಲ್ಲಿ. ಪಕ್ಕದ ಮನೆಯವರ ದುಡ್ಡು ಬೆರಳಚ್ಚಿನಿಂದಲೇ ಹೋಯ್ತಂತೆ. ಲಾಕ್ ಮಾಡಿದರೆ ತೆಗೆಯೋವರೆಗೂ ಬೆರಳಚ್ಚು ಎಲ್ಲೂ ನಡೆಯಲ್ಲವಂತೆ, ಆಮೇಲೆ ಪರದಾಡಬೇಕಾಗುತ್ತಾ?

ಸುಟ್ಟಬೆರಳು:
ಕಳಕೊಂಡವನು ನಾನು, ಕೇಳಿ. ಬೆಳಗ್ಗೆ 6:52ಕ್ಕೆ 10,000. 6:53ಕ್ಕೆ ಇನ್ನೊಂದು 10,000. 6:55ಕ್ಕೆ 7,400, ಅಲ್ಲಿಗೆ ಖಾತೆ ಗುಡಿಸಿ ಆಯ್ತು. ಒಟಿಪಿ ಇಲ್ಲ, ಕರೆ ಇಲ್ಲ, ಯಾವ ಲಿಂಕೂ ಒತ್ತಿಲ್ಲ. ಎಇಪಿಎಸ್‌ಗೆ (ಆಧಾರ್ ಹಿಡಿದು ಖಾತೆಯಿಂದ ದುಡ್ಡು ತೆಗೆಯೋ ವ್ಯವಸ್ಥೆ) ಬ್ಯಾಂಕಿನ ಹೆಸರು, ಆಧಾರ್ ನಂಬರು, ಬೆರಳಚ್ಚು ಇಷ್ಟೇ ಸಾಕು ಅಂತ ಆವತ್ತೇ ಗೊತ್ತಾಗಿದ್ದು. ಮ್ಯಾನೇಜರ್ "ನಿಮ್ಮದೇ ಬೆರಳಲ್ವಾ ಸಾರ್" ಅಂದ. ನನ್ನ ಬೆರಳು ಆಗ ಮನೇಲಿ ಬ್ರಷ್ ಹಿಡಿದಿತ್ತು ಮಾರಾಯ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನು, ಸ್ಟೇಷನ್ನಿಗೆ ಎರಡು ಸಲ, ಬ್ಯಾಂಕಿಗೆ ಐದು ಸಲ. ಮೂರು ಕೆಲಸದ ದಿನದೊಳಗೆ ತಿಳಿಸಿದರೆ ಗ್ರಾಹಕನ ಹೊಣೆ ಇಲ್ಲ ಅನ್ನೋ ಆರ್‌ಬಿಐ 2017ರ ಸುತ್ತೋಲೆ ಪ್ರಿಂಟ್ ಹಾಕಿಸಿ ಮೇಜಿನ ಮೇಲಿಟ್ಟೆ, ಅವರು ಅದರ ಮೇಲೆ ಟೀ ಲೋಟ ಇಟ್ಟರು. ಬಸ್ಸಿಗೆ 640, ಜೆರಾಕ್ಸಿಗೆ 85, ನಾಲ್ಕು ದಿನ ರಜೆ. 20,000 ವಾಪಸ್ ಬಂತು. 7,400 ಇವತ್ತಿಗೂ "ಪರಿಶೀಲನೆಯಲ್ಲಿದೆ".

ಬೀಗದಕೈ:
ನಾನು 2018ರಿಂದ ಲಾಕ್. ನಯಾಪೈಸೆ ಹೋಗಿಲ್ಲ. ಬೇಕಾದಾಗ ತೆಗೆದರೆ ಹತ್ತು ನಿಮಿಷ ತೆರೆದಿರುತ್ತೆ, ಆಮೇಲೆ ತಾನೇ ಮುಚ್ಚಿಕೊಳ್ಳುತ್ತೆ. ಒಂದೇ ಸಲ ಸಿಕ್ಕಿಹಾಕ್ಕೊಂಡಿದ್ದು. ಫೋನ್ ಕಳೆದುಹೋಯ್ತು. ಸಿಮ್ ತಗೊಳ್ಳೋಕೆ ಬೆರಳಚ್ಚು ಬೇಕು, ಬೆರಳಚ್ಚು ತೆರೆಯೋಕೆ ಒಟಿಪಿ ಬೇಕು, ಒಟಿಪಿ ಹೋಗೋದು ಕಳೆದ ಸಿಮ್ಮಿಗೆ! ಕೊನೆಗೆ ಡಿಎಲ್ ತೋರಿಸಿ ಎರಡು ದಿನ ಕಾದೆ. ಆದರೂ ಲಾಕ್ ಮಾಡದೆ ಬಿಟ್ಟವರನ್ನ ಕಂಡರೆ ನನಗೆ ಪಾಪ ಅನಿಸಲ್ಲ.

ಸುಟ್ಟಬೆರಳು:
ನಿಮ್ಮ ಪಾಪ ಯಾರು ಕೇಳಿದ್ರು?

ಅಡಿಕೆಸುಲಿ:
ಅಮ್ಮನ ಬೆರಳು ಅಡಿಕೆ ಸುಲಿದು ಸುಲಿದು ಸವೆದಿದೆ, ಮೊದಲೇ ಹೆಬ್ಬೆಟ್ಟು ಒಪ್ಪಲ್ಲ. ಬೆಂಗಳೂರಲ್ಲಿ ಕೂತ ಬುದ್ಧಿವಂತ ಅಣ್ಣ ಲಾಕ್ ಮಾಡಿ ಹೇಳಲೇ ಇಲ್ಲ. ನಾವು ರೇಷನ್ ಅಂಗಡೀಲಿ ಸೆರಗಿಗೆ ಒರೆಸಿ, ನಿಂಬೆಹೋಳು ಉಜ್ಜಿ, ಹತ್ತೂ ಬೆರಳು ಇಟ್ಟೆವು. ಪ್ರತಿ ಸಲ ಮಷಿನ್ನಲ್ಲಿ ಎರರ್ ಕೋಡ್ 330. ಹಂಗಂದ್ರೆ ಲಾಕ್ ಆಗಿದೆ ಅಂತ ಅಂಗಡಿಯವನಿಗೂ ಗೊತ್ತಿಲ್ಲ. ಆ ತಿಂಗಳ ಅಕ್ಕಿ ಹೋಯ್ತು. ಪ್ರೈವಸಿ ಅನ್ನೋದು ಹೊಟ್ಟೆ ತುಂಬಿದವರ ಮಾತು.

ಬೀಗದಕೈ:
ಹೊಟ್ಟೆ ತುಂಬಿದವರ ಮಾತಾ? 2012ರಲ್ಲಿ ಆಧಾರ್ ವಿರುದ್ಧ ಕೇಸು ಹಾಕಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರು, ಎಂಬತ್ತು ದಾಟಿದ ಮೇಲೆ. 2017ರ ಆಗಸ್ಟ್ 24ಕ್ಕೆ ಸುಪ್ರೀಂ ಕೋರ್ಟಿನ ಒಂಬತ್ತೂ ಜಡ್ಜ್‌ಗಳು ಖಾಸಗಿತನ ಮೂಲಭೂತ ಹಕ್ಕು ಅಂದರು. ಒಬ್ಬರೂ ಬೇರೆ ಮಾತಾಡಲಿಲ್ಲ.

ಅಡಿಕೆಸುಲಿ:
ಮರುವರ್ಷ ಸೆಪ್ಟೆಂಬರಲ್ಲಿ ಸಬ್ಸಿಡಿಗೆ ಆಧಾರ್ ಕೇಳಬಹುದು ಅಂತ ಅದೇ ಕೋರ್ಟ್ ಹೇಳ್ತಲ್ಲ, ಅದನ್ಯಾಕೆ ನುಂಗಿದ್ರಿ? ನಿಮಗೆ ಹಕ್ಕು, ನಮಗೆ ಹೆಬ್ಬೆಟ್ಟು.

ಹಳೇಗುಮಾಸ್ತ:
ಅದೇ ತೀರ್ಪಲ್ಲಿ ಖಾಸಗಿಯವರು ಆಧಾರ್ ಕಾಯ್ದೆಯ 57ನೇ ಸೆಕ್ಷನ್ ಹಿಡಿದು ಆಧಾರ್ ಕೇಳೋದೂ ಬಿದ್ದುಹೋಯ್ತು. ಹೋಗಿ ನಮ್ಮ ಅಪಾರ್ಟ್‌ಮೆಂಟ್ ಗೇಟಲ್ಲಿ ಹೇಳಿ. ಬಾಡಿಗೆದಾರರ ಜೆರಾಕ್ಸ್ ರಾಶಿ, ಒಂದರ ಬೆನ್ನ ಮೇಲೆ ಯಾವುದೋ ಮಗು ಭಾಗಾಕಾರ ಮಾಡಿತ್ತು. ತಿರುಗಿಸಿದರೆ ನನ್ನ ಮುಖ! ಕೊನೆಯ ನಾಲ್ಕು ಅಂಕಿ ಮಾತ್ರ ಕಾಣೋ ಮಾಸ್ಕ್ಡ್ ಆಧಾರ್ ಕೊಟ್ಟರೆ "ನಂಬರೇ ಕಾಣಲ್ಲ" ಅಂತ ವಾಪಸ್. 2022ರ ಮೇ ತಿಂಗಳಲ್ಲಿ ಜೆರಾಕ್ಸ್ ಕೊಡಬೇಡಿ ಅಂತ ಆಧಾರ್ ಕೊಡೋ ಯುಐಡಿಎಐನ ಬೆಂಗಳೂರು ಕಚೇರಿಯೇ ಎಚ್ಚರಿಸಿತು, ಎರಡೇ ದಿನಕ್ಕೆ ಆ ಪ್ರಕಟಣೆ ವಾಪಸ್.

ಬೀಗದಕೈ:
ವಾಪಸ್ ತಗೊಂಡಿದ್ದು ಜನ ತಪ್ಪು ತಿಳಿದುಕೊಂಡಾರು ಅಂತ. ಅರ್ಧ ಹೇಳಬೇಡಿ.

ಹಳೇಗುಮಾಸ್ತ:
ಪೂರ್ತಿ ನೀವೇ ಹೇಳಿ, ಆರು ವರ್ಷದಿಂದ ಹೇಳ್ತಾನೇ ಇದೀರಿ.

ಗುಬ್ಬಿಗೂಡು:
ಎಲ್ಲಾ ಸರಿ, ನಮ್ಮಪ್ಪನ ವಿಷಯ?

ಸುಟ್ಟಬೆರಳು:
ಕೀಪ್ಯಾಡ್ ಆದ್ರೇನು, ಒಟಿಪಿ ಬರುತ್ತಲ್ಲ. ಫೋನಲ್ಲಿ ಓದಿಸಿಕೊಂಡು ನೀವೇ ವೆಬ್‌ಸೈಟಲ್ಲಿ ಲಾಕ್ ಮಾಡಿ, ರೇಷನ್ ದಿನ ತೆಗೀರಿ. ಲಾಕ್ ಮಾಡಿದ್ದು ಅಪ್ಪನಿಗೆ ಹೇಳಿ ಮಾತ್ರ. ಅಂದಹಾಗೆ, ಆ ಥರದ 7,400ಕ್ಕೆ ಬ್ಯಾಂಕಿನ ಮೇಲಿನ ದೂರು ಕೇಳೋ ಆರ್‌ಬಿಐ ಒಂಬುಡ್ಸ್‌ಮನ್ ಹತ್ರ ಹೋದವರು ಯಾರಾದ್ರೂ ಇದೀರಾ?