ಹೆರಿಗೆ ಕೊಠಡಿಯ ತಪಾಸಣಾ ಪಟ್ಟಿಯಿಂದ ನಿಜಕ್ಕೂ ಪ್ರಯೋಜನವಿದೆಯೇ?

ಪ್ರಶ್ನೆ: ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಹೆರಿಗೆ ತಪಾಸಣಾ ಪಟ್ಟಿಯನ್ನು (ಹೆರಿಗೆಯ ಪ್ರತಿ ಹಂತದಲ್ಲಿ ಮಾಡಲೇಬೇಕಾದ ಕ್ರಮಗಳನ್ನು ಸಿಬ್ಬಂದಿಗೆ ನೆನಪಿಸುವ ಪಟ್ಟಿ) ಜಾರಿಗೆ ತರುವ ಆಲೋಚನೆಯಿದೆ. ಈಗಾಗಲೇ ಒತ್ತಡದಲ್ಲಿರುವ ಶುಶ್ರೂಷಕಿಯರಿಗೆ ಇದು ತುಂಬಬೇಕಾದ ಇನ್ನೊಂದು ಕಾಗದವಷ್ಟೇ ಆಗಿಬಿಡುವುದೇ ಎಂಬ ಅಳುಕು ನನ್ನದು. ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1: ಧೈರ್ಯವಾಗಿ ಆರಂಭಿಸಿ. ಕರ್ನಾಟಕದ್ದೇ ಒಂದು ಹೆರಿಗೆ ಕೇಂದ್ರದಲ್ಲಿ ಈ ಪಟ್ಟಿಯನ್ನು ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರತಿ ಹೆರಿಗೆಗೂ ಅಗತ್ಯವಾದ 29 ಕ್ರಮಗಳ ಪೈಕಿ ಸರಾಸರಿ 10 ಮಾತ್ರ ಪಾಲನೆಯಾಗುತ್ತಿದ್ದುದು 25ಕ್ಕೆ ಏರಿತ್ತು.

ಉತ್ತರ 2: ಅದು ನಿಜ, ಆದರೆ ಉತ್ತರ ಪ್ರದೇಶದ 120 ಆರೋಗ್ಯ ಕೇಂದ್ರಗಳಲ್ಲಿ ನಡೆದು 2017ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವನ್ನೂ ಗಮನಿಸಬೇಕು. ಅಲ್ಲಿ ಸಿಬ್ಬಂದಿಯ ಪಾಲನೆ ಗಣನೀಯವಾಗಿ ಸುಧಾರಿಸಿದರೂ ತಾಯಂದಿರ ಮತ್ತು ನವಜಾತ ಶಿಶುಗಳ ಮರಣ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಪಟ್ಟಿಯನ್ನು ಬಳಸಲು ಸಿಬ್ಬಂದಿಗೆ ನೆರವಾಗುತ್ತಿದ್ದ ಮಾರ್ಗದರ್ಶಕರ ಭೇಟಿಗಳು ನಿಂತ ಮೇಲೆ ಪಾಲನೆಯೂ ಇಳಿಯಿತು. ಪಟ್ಟಿ ನೆನಪಿಸಬಲ್ಲದೇ ಹೊರತು, ಇಲ್ಲದ ಮೆಗ್ನೀಸಿಯಂ ಸಲ್ಫೇಟನ್ನಾಗಲಿ (ರಕ್ತದೊತ್ತಡ ತೀವ್ರವಾಗಿ ಏರಿದ ತಾಯಂದಿರಿಗೆ ಸೆಳೆತ ಬಾರದಂತೆ ಕೊಡುವ ಔಷಧ), ರಕ್ತವನ್ನಾಗಲಿ, ತುರ್ತು ಸಿಸೇರಿಯನ್ ಮಾಡುವ ವೈದ್ಯರನ್ನಾಗಲಿ ಒದಗಿಸಲಾರದು. ಆದ್ದರಿಂದ ಮೊದಲು ಔಷಧ ದಾಸ್ತಾನನ್ನೂ ದೊಡ್ಡಾಸ್ಪತ್ರೆಗೆ ಕಳುಹಿಸುವ ವ್ಯವಸ್ಥೆಯನ್ನೂ ಸರಿಪಡಿಸಿಕೊಳ್ಳಿ.

ಉತ್ತರ 3: ದಾಖಲಾದಾಗ, ಹೆರಿಗೆಗೆ ತುಸು ಮುನ್ನ, ಹೆರಿಗೆಯಾದ ಒಂದು ಗಂಟೆಯೊಳಗೆ, ಮನೆಗೆ ಕಳುಹಿಸುವಾಗ, ಹೀಗೆ ಆಯಾ ಹಂತದಲ್ಲೇ ಹಾಸಿಗೆಯ ಪಕ್ಕದಲ್ಲಿ ನಿಂತು ಗುರುತು ಹಾಕುವಂತೆ ನೋಡಿಕೊಳ್ಳಿ. ಪಾಳಿ ಮುಗಿಯುವಾಗ ಒಟ್ಟಿಗೆ ತುಂಬಿದ ಪಟ್ಟಿಯಿಂದ ಯಾವ ತಾಯಿಗೂ ರಕ್ಷಣೆ ಸಿಗುವುದಿಲ್ಲ.